ಪಾಪನಿವೇದನೆಗೆ ಷರತ್ತುಗಳು ಅನ್ವಯಿಸುತ್ತವೆ

ಯೇಸುವಿಗೂ ಒಂದು ಅಪ್‌ಡೇಟ್ ಬಂದಿತ್ತು, ನೆನಪಿದೆ ಅಲ್ವಾ? 2024ರಲ್ಲಿ ಸ್ವಿಟ್ಜರ್ಲೆಂಡಿನ ಲುಸರ್ನ್ ಊರಿನ ಚರ್ಚೊಂದರಲ್ಲಿ, ಪಾದ್ರಿಗೆ ಗುಟ್ಟಾಗಿ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಯ ಗೂಡಿನೊಳಗೆ ಕಂಪ್ಯೂಟರ್ ಕೂರಿಸಿದರು. ಪರದೆಯ ಮೇಲೆ ಯೇಸುವಿನ ಮುಖ, ಕೇಳಿದ್ದಕ್ಕೆ ಉತ್ತರ ಕೊಡೋದು ಎಐ. ಸುಮಾರು 100 ಭಾಷೆ ಬರುತ್ತಿತ್ತಂತೆ. ಬೈಬಲಿನಲ್ಲಿ ಪಂಚಾಶತ್ತಮ ಹಬ್ಬದ ದಿನ ಯೇಸುವಿನ ಶಿಷ್ಯರು ನಾನಾ ಭಾಷೆ ಆಡಲು ಪವಿತ್ರಾತ್ಮನೇ ಇಳಿದು ಬರಬೇಕಾಯಿತು. ಈಗ ಕರೆಂಟ್ ಇದ್ದರೆ ಸಾಕು.

ಒಳಗೆ ಹೋಗುವವರಿಗೆ ಒಂದು ಎಚ್ಚರಿಕೆಯೂ ಇತ್ತು. ನಿಮ್ಮ ಸ್ವಂತ ವಿಷಯ ಏನೂ ಹೇಳಬೇಡಿ, ಮಾತಾಡಿದರೆ ಅದು ನಿಮ್ಮದೇ ಹೊಣೆ. ಆಹಾ! ಪಾಪ ಹೇಳಿಕೊಳ್ಳುವ ಗೂಡಿನಲ್ಲಿ ಸ್ವಂತ ವಿಷಯ ಹೇಳಬಾರದು. ಹಾಗಾದರೆ ಯಾರ ಪಾಪ ಹೇಳೋದು, ಪಕ್ಕದ ಮನೆಯವರದಾ? ಅದಕ್ಕೆ ಗೂಡು ಯಾಕೆ? ಹೊರಗೆ ನಿಂತೇ ಚೆನ್ನಾಗಿ ಹೇಳ್ತೇವೆ. ‘ಇದು ಪಾಪನಿವೇದನೆ ಅಲ್ಲ, ಬರೀ ಒಂದು ಪ್ರಯೋಗ’ ಅಂದರು ಮಾಡಿದವರು. ಎರಡು ತಿಂಗಳಿಗೆ ಸ್ವಿಚ್ ಆಫ್. ಅಸಲಿ ಯೇಸು ಮೂರನೇ ದಿನಕ್ಕೆ ಎದ್ದು ಬಂದಿದ್ದ.

ಅದೇ ವರ್ಷ ಅಮೆರಿಕದಲ್ಲಿ ‘ಫಾದರ್ ಜಸ್ಟಿನ್’ ಎಂಬ ಎಐ ಯಂತ್ರಪಾದ್ರಿ ಅವತರಿಸಿದ. ನಾನು ನಿಜವಾದ ಪಾದ್ರಿ, ಇಟಲಿಯ ಅಸಿಸಿಯಲ್ಲಿದ್ದೇನೆ ಅಂದ. ಮಗುವಿಗೆ ಗೇಟರೇಡ್ ಎಂಬ ಬಾಟಲಿ ಪಾನೀಯದಲ್ಲಿ ದೀಕ್ಷಾಸ್ನಾನ ಮಾಡಿಸಬಹುದು ಅಂತಲೂ ಹೇಳಿಬಿಟ್ಟ. ಕೆಲವೇ ದಿನಗಳಲ್ಲಿ ಪಾದ್ರಿಯ ಕಾಲರ್ ಕಿತ್ತುಕೊಂಡು ಬರೀ ಜಸ್ಟಿನ್ ಮಾಡಿದರು. ಸೆಮಿನರಿಯಲ್ಲಿ ವರ್ಷಗಟ್ಟಲೆ ಓದಿ ಪಾದ್ರಿಯಾಗುವವರು ಇದನ್ನು ನೋಡಿ ನಕ್ಕರೋ ಅತ್ತರೋ.

ಜಾರುಬಂಡಿಯ ಕಥೆ ಮಾತ್ರ ನನಗೆ ತುಂಬ ಇಷ್ಟ. ಇಂಗ್ಲೆಂಡಿನ ನಾರ್ವಿಚ್ ಕೆಥೆಡ್ರಲ್ ಕಟ್ಟಲು ಶುರು ಮಾಡಿದ್ದು 1096ರಲ್ಲಿ. 2019ರಲ್ಲಿ ಅದರೊಳಗೆ 55 ಅಡಿಯ ಸುರುಳಿ ಜಾರುಬಂಡಿ ನಿಲ್ಲಿಸಿದರು. ಚಾವಣಿಯ ಕೆತ್ತನೆ ಹತ್ತಿರದಿಂದ ಕಾಣಲಿ ಅಂತ. ಜಾರುವಾಗ ಯಾರಾದರೂ ಚಾವಣಿ ನೋಡ್ತಾರಾ? ಕೊನೆಯ ದಿನ ಬಿಷಪ್ ಒಬ್ಬರು ಅರ್ಧ ಎತ್ತರದಲ್ಲಿ ಕೂತು ಪ್ರಸಂಗ ಮಾಡಿ, ಜಾರಿ ಇಳಿದರು. ಸುಳ್ಳು ಯಾಕೆ ಹೇಳಲಿ, ನನಗೂ ಜಾರಬೇಕು ಅನ್ನಿಸಿತು. ಆದರೆ ಹಾಗನ್ನಿಸಿದ್ದಕ್ಕೂ ದೇವರಿಗೂ ಏನೂ ಸಂಬಂಧ ಇರಲಿಲ್ಲ.

ಯುವಜನರನ್ನು ಸೆಳೆಯಬೇಕಂತೆ. ಎಲ್ಲರ ಬಾಯಲ್ಲೂ ಇದೇ ಮಾತು. ಸ್ವಾಮಿ, ಆ ಗೂಡಿನ ಬಾಗಿಲಿಗೆ ಬರುವವರು ಯಾರು? ಮನೆಯಲ್ಲಿ ಯಾರಿಗೂ ಹೇಳಲಾಗದ್ದನ್ನು ವರ್ಷಗಟ್ಟಲೆ ಎದೆಯಲ್ಲಿ ಇಟ್ಟುಕೊಂಡವರು. ಅವರಿಗೆ 100 ಭಾಷೆ ಬೇಡ. ತಮ್ಮದೇ ಒಂದು ಭಾಷೆಯಲ್ಲಿ, ಜಾಲರಿಯ ಆಚೆ ಒಬ್ಬ ಮನುಷ್ಯ ಉಸಿರಾಡುವ ಸದ್ದು ಕೇಳಿಸಿದರೆ ಸಾಕು. ಅವರಿಗೂ ‘ನಿಮ್ಮದೇ ಹೊಣೆ’ ಅಂತ ಬರೆದು ತೂಗುಹಾಕಿದ್ರಲ್ಲ, ಸುಸ್ತಾಗುತ್ತೆ.

ಈ ಚಟ ಹಳೆಯದೇ. ಅಥೆನ್ಸ್ ಜನಕ್ಕೆ ಹೊಸದನ್ನು ಹೇಳುವುದು, ಕೇಳುವುದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ ಅಂತ ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲೇ ಇದೆ. ಸತ್ತವನು ಎದ್ದು ಬಂದ ಅಂತ ಯೇಸುವಿನ ಅಪೊಸ್ತಲ ಪೌಲ ಅಲ್ಲಿ ಹೇಳಿದಾಗ ಕೆಲವರು ನಕ್ಕರು. ಕೆಲವರು ‘ಇನ್ನೊಮ್ಮೆ ಕೇಳ್ತೇವೆ’ ಅಂದರು. ಪೌಲ ಎದ್ದು ಹೋದ. ಕೆಲವರು ನಂಬಿದರು, ಅಷ್ಟೇ.

ಕ್ಯಾಲಿಫೋರ್ನಿಯಾದ ಪಾದ್ರಿ ರಾಬರ್ಟ್ ಶುಲರ್ ಮಾತ್ರ ಜನರ ಕಾಲಿಗೆ ಕಷ್ಟ ಕೊಡಲಿಲ್ಲ. 1955ರಲ್ಲಿ ಡ್ರೈವ್-ಇನ್ ಥಿಯೇಟರ್‌ನಲ್ಲಿ, ತಿಂಡಿ ಅಂಗಡಿಯ ತಾರಸಿ ಮೇಲೆ ನಿಂತು ಪ್ರಸಂಗ ಮಾಡಿದರು. ಜನ ಕಾರಲ್ಲೇ ಕೂತು ಕೇಳಿದರು. 1980ಕ್ಕೆ 10,000ಕ್ಕೂ ಜಾಸ್ತಿ ಗಾಜುಗಳ ‘ಕ್ರಿಸ್ಟಲ್ ಕೆಥೆಡ್ರಲ್’ ಎದ್ದಿತು. ಟಿವಿಯಲ್ಲಿ ಲೋಕವೆಲ್ಲ ನೋಡಿತು. 2010ರಲ್ಲಿ ದಿವಾಳಿ. ಕಥೋಲಿಕರು ಕೊಂಡುಕೊಂಡರು. ಈಗ ಅಲ್ಲಿ ಬಲಿಪೂಜೆಯ ಅದೇ ಹಳೇ ರೊಟ್ಟಿ, ಅದೇ ದ್ರಾಕ್ಷಾರಸ, ಕ್ರಿ.ಶ. 325ರಲ್ಲಿ ಬಿಷಪ್‌ಗಳು ಸೇರಿದ್ದ ನೈಸಿಯ ಸಭೆಯ ಕಾಲದಿಂದ ಬಂದ ಅದೇ ವಿಶ್ವಾಸಪ್ರಮಾಣ. ಮೊಣಕಾಲು ಊರಬೇಕು, ಹಾಗಾಗಿ ಕಾರಿನಿಂದ ಇಳಿದೇ ಒಳಗೆ ಹೋಗಬೇಕು.