ನಸುಕಿನ ಸಾಧನೆಗೆ ರಾತ್ರಿಯ ಲೆಕ್ಕವೂ ಬೇಕು

ಪುಣೆಗೆ ಬಂದ ಮೇಲೆ ನಾನು ಬಹಳ ಜನರ ಬಾಯಲ್ಲಿ ಕೇಳಿರುವ ಮಾತು ಇದು: "ಬೆಳಗ್ಗೆ ಏಳೋಕೆ ಆಗ್ತಿಲ್ಲ, ಅದಕ್ಕೇ ಯೋಗ ನಿಂತುಹೋಯ್ತು." ಇಲ್ಲಿನ ಕನ್ನಡಿಗ ಗೆಳೆಯರೂ ಹೇಳುತ್ತಾರೆ, ಆಫೀಸಿನ ಮರಾಠಿ ಗೆಳೆಯರೂ ಹೇಳುತ್ತಾರೆ. ಹೇಳುವಾಗ ಏನೋ ಅಪರಾಧ ಮಾಡಿದವರ ಹಾಗೆ ದನಿ ಇಳಿಸುತ್ತಾರೆ. ಹಿಂದೆಯೇ ಊರಿನ ಹಿರಿಯರ ಉದಾಹರಣೆ ಬರುತ್ತದೆ. ಅಜ್ಜ ನಾಲ್ಕೂವರೆಗೇ ಏಳುತ್ತಿದ್ದರು, ನಮಗೆ ಆ ಶಕ್ತಿ ಎಲ್ಲಿದೆ ಅಂತ. ಈ ಹೋಲಿಕೆಯಲ್ಲಿ ಅರ್ಧ ಲೆಕ್ಕ ಬಿಟ್ಟುಹೋಗಿದೆ ಅನ್ನುವುದು ನನ್ನ ಅನಿಸಿಕೆ.

ನಾನು ಗದಗಿನವನು. ನಮ್ಮ ಅಜ್ಜನ ದಿನ ಶುರುವಾಗುತ್ತಿದ್ದದ್ದೇ ಇಷ್ಟಲಿಂಗ ಪೂಜೆಯಿಂದ. ಸ್ನಾನ, ವಿಭೂತಿ, ಆಮೇಲೆ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕೂರುವುದು. ಲಿಂಗದ ಹೊರಗಿನ ಕಪ್ಪು ಲೇಪದ (ಕಂತಿ) ಮೇಲೆ ದೀಪದ ಬೆಳಕು ಒಂದು ಚುಕ್ಕೆಯಾಗಿ ಮಿನುಗುತ್ತದೆ. ರೆಪ್ಪೆ ಅರ್ಧ ಮುಚ್ಚಿ ಆ ಚುಕ್ಕೆಯ ಮೇಲೆ ದೃಷ್ಟಿ ನಿಲ್ಲಿಸುತ್ತಿದ್ದರು. ನಮ್ಮ ಕಡೆ ಇದೇ ಶಿವಯೋಗ. ಅದು ಮುಗಿಯುವ ತನಕ ಹನಿ ನೀರು ಬಾಯಿಗೆ ಹಾಕುತ್ತಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿ ಹತ್ತಿರ, ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ಕಟ್ಟಿದ್ದು ಈ ಸಾಧನೆ ಉಳಿಯಲಿ ಅಂತಲೇ. ಕಣ್ಣು ಕಾಣದ ಹುಡುಗನೊಬ್ಬನಿಗೆ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದವರೂ ಅವರೇ. ಆ ಹುಡುಗ ಮುಂದೆ ಪಂಚಾಕ್ಷರಿ ಗವಾಯಿ ಆದರು. ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮ ಅವರದೇ. ಹಾಗಾಗಿ ನಮ್ಮೂರಿನಲ್ಲಿ ನಸುಕು ಅಂದರೆ ಜಪವೂ ಹೌದು, ಸ್ವರವೂ ಹೌದು. ಆ ಹೊತ್ತಿನಲ್ಲಿ ಗಂಟಲು ಕೆಳಗಿನ ಸ್ವರಕ್ಕೆ ಸಲೀಸಾಗಿ ಇಳಿಯುತ್ತದೆ. ಗಾಯಕರು ಖರ್ಜ ಸಾಧನೆಗೆ, ಅಂದರೆ ಕೆಳಗಿನ ಸ್ವರಗಳ ಅಭ್ಯಾಸಕ್ಕೆ, ಆ ಹೊತ್ತನ್ನೇ ಆರಿಸಿಕೊಳ್ಳುವುದು ಇದಕ್ಕೇ.

ಅಜ್ಜನ ಲೆಕ್ಕದ ಇನ್ನರ್ಧ ಕೇಳಿ. ಏಳೂವರೆಗೆ ರೊಟ್ಟಿ, ಪಲ್ಯ, ಮಜ್ಜಿಗೆ. ಎಂಟೂವರೆಗೆ ದೀಪ ಆರಿಸಿ ಹಾಸಿಗೆ. ಅಲ್ಲಿಂದ ನಾಲ್ಕೂವರೆಗೆ ಎಂಟು ತಾಸು ಆಯಿತು, ಅಲ್ವಾ? ಮೇಲೆ ಮಧ್ಯಾಹ್ನ ಪಡಸಾಲೆಯಲ್ಲಿ ಸಣ್ಣ ನಿದ್ದೆ. ಅಜ್ಜ ದಣಿವನ್ನು ಗೆದ್ದು ಏಳುತ್ತಿರಲಿಲ್ಲ. ನಿದ್ದೆ ಪೂರ್ತಿ ಆಗಿಯೇ ಏಳುತ್ತಿದ್ದರು. ಅವರೊಬ್ಬರೇ ಅಲ್ಲ, ಓಣಿಗೆ ಓಣಿಯೇ ಆ ಹೊತ್ತಿಗೆ ಮಲಗುತ್ತಿತ್ತು.

ಇಲ್ಲಿ ನನ್ನ ರಾತ್ರಿ ಬೇರೆ. ನ್ಯೂಯಾರ್ಕಿನಲ್ಲಿ ಮಧ್ಯಾಹ್ನ ಹನ್ನೆರಡಾದಾಗ ನಮಗೆ ರಾತ್ರಿ ಒಂಬತ್ತೂವರೆ. ಅವರ ಚಳಿಗಾಲದಲ್ಲಿ ಹತ್ತೂವರೆ. ಮೀಟಿಂಗ್ ಮುಗಿದು, ಊಟ ಮಾಡಿ, ಮಲಗುವಾಗ ಹನ್ನೆರಡು ದಾಟಿರುತ್ತದೆ. ಐದಕ್ಕೆ ಅಲಾರಂ ಇಟ್ಟರೆ ಸಿಗುವ ನಿದ್ದೆ ಐದು ತಾಸೂ ಇಲ್ಲ. ದೊಡ್ಡವರಿಗೆ ಕಡಿಮೆ ಅಂದರೂ ಏಳು ತಾಸು ಬೇಕು ಅನ್ನುತ್ತಾರೆ ವೈದ್ಯರು. ಅಂಥ ಬೆಳಗಿನಲ್ಲಿ ಕಣ್ಣು ಮುಚ್ಚಿ ಕೂತರೆ ಧ್ಯಾನ ಬರುವುದಿಲ್ಲ, ತೂಕಡಿಕೆ ಬರುತ್ತದೆ. ಮಂತ್ರ ನಡುವೆಯೇ ಕಳೆದುಹೋಗುತ್ತದೆ. ಇದನ್ನು ಸೋಮಾರಿತನ ಅನ್ನುವುದು ನ್ಯಾಯವಲ್ಲ. ಪತಂಜಲಿ ಯೋಗಕ್ಕೆ ಅಡ್ಡ ಬರುವ ಒಂಬತ್ತು ಸಂಗತಿ ಹೇಳುತ್ತಾರೆ. ಅದರಲ್ಲಿ ಕಾಯಿಲೆಯೇ ಬೇರೆ, ಜಡತನವೇ ಬೇರೆ, ಆಲಸ್ಯವೇ ಬೇರೆ. ನಾವು ಮೂರನ್ನೂ ಒಂದೇ ಗಂಟು ಕಟ್ಟಿ ನಮ್ಮನ್ನೇ ಬೈದುಕೊಳ್ಳುತ್ತೇವೆ. ಗೀತೆಯ ಆರನೇ ಅಧ್ಯಾಯದಲ್ಲಂತೂ ನೇರವಾಗಿಯೇ ಇದೆ. ಜಾಸ್ತಿ ಮಲಗುವವನಿಗೂ ಯೋಗ ಇಲ್ಲ, ನಿದ್ದೆಗೆಡುವವನಿಗೂ ಇಲ್ಲ.

ಇನ್ನು ಬ್ರಾಹ್ಮೀ ಮುಹೂರ್ತ. ಬಹಳ ಜನ ಅದನ್ನು ಗಡಿಯಾರದ ನಾಲ್ಕು ಗಂಟೆ ಅಂದುಕೊಂಡಿದ್ದಾರೆ. ಅದು ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಇರುತ್ತದೆ. ಧಾರವಾಡದಲ್ಲಿ ಜನವರಿಯಲ್ಲಿ ಸೂರ್ಯ ಮೂಡುವುದು ಏಳರ ಹತ್ತಿರ. ಅಂದರೆ ಐದೂಕಾಲರ ಮೇಲೆ ಎದ್ದರೂ ಆ ಹೊತ್ತು ಸಿಗುತ್ತದೆ. ಜೂನ್‌ನಲ್ಲಿ ಸುಮಾರು ನಾಲ್ಕೂವರೆ. ಋತುವಿನ ಜೊತೆ ಸರಿಯುವ ಹೊತ್ತು ಅದು. ನಸುಕು ಬೇಡ ಅಂತ ನಾನು ಹೇಳುತ್ತಿಲ್ಲ. ಹೊಟ್ಟೆ ಖಾಲಿ, ಗಾಳಿ ತಣ್ಣಗೆ, ಫೋನ್ ಸುಮ್ಮನೆ, ಯಾರೂ ನಿಮ್ಮನ್ನು ಏನೂ ಕೇಳುವುದಿಲ್ಲ. ದಿನದ ಬೇರೆ ಯಾವ ಹೊತ್ತಿಗೂ ಆ ಗುಣ ಇಲ್ಲ. ಅದಕ್ಕೇ ಅದರ ಬೆಲೆಯನ್ನು ಹಿಂದಿನ ರಾತ್ರಿಯೇ ಕೊಡಬೇಕು ಅನ್ನುತ್ತೇನೆ.

ನಮ್ಮೂರಿನ ರೀತಿಯನ್ನು ಹೊಗಳುವಾಗ ನಾವು ಹೇಳದೇ ಬಿಡುವ ಸಂಗತಿ ಮತ್ತೊಂದಿದೆ. ಅಜ್ಜ ನಾಲ್ಕೂವರೆಗೆ ಎದ್ದಾಗ ಹಂಡೆಯಲ್ಲಿ ಬಿಸಿನೀರು ಇರುತ್ತಿತ್ತು. ಆ ಒಲೆ ಹಚ್ಚಿದವರು ಯಾರು? ಅಜ್ಜಿ. ಅವರು ಅಜ್ಜನಿಗಿಂತ ಮೊದಲೇ ಎದ್ದು ಅಂಗಳ ಸಾರಿಸಿ, ರಂಗೋಲಿ ಹಾಕಿ, ನೀರು ತುಂಬಿ, ಪೂಜೆಯ ಪತ್ರಿ ಜೋಡಿಸಿಡುತ್ತಿದ್ದರು. ರಾತ್ರಿ ಎಲ್ಲರ ಊಟ ಆಗಿ, ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ ಕೊನೆಗೆ ಮಲಗುತ್ತಿದ್ದವರೂ ಅವರೇ. ಅವರ ಲಿಂಗಪೂಜೆ ಎಲ್ಲರದೂ ಆದ ಮೇಲೆ, ಗಡಿಬಿಡಿಯಲ್ಲಿ, ಕರೆದರೆ ಅರ್ಧಕ್ಕೇ ಏಳುವ ಹಾಗೆ. ಒಮ್ಮೆ ಕೇಳಿದ್ದಕ್ಕೆ, "ನಂದೇನ್ ಬಿಡಪಾ, ಶಿವಗ ಗೊತ್ತೈತಿ" ಅಂದಿದ್ದರು. ಮನೆಯ ಪುಣ್ಯವೆಲ್ಲ ಅಜ್ಜನ ಹೆಸರಿಗೆ, ದಣಿವೆಲ್ಲ ಅಜ್ಜಿಯ ಮೈಗೆ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಪುಣೆಯಲ್ಲಿ ನಮ್ಮ ಸೊಸೈಟಿಯ ಹೆಣ್ಣುಮಕ್ಕಳು ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಹತ್ತು ಗಂಟೆಗೆ ಬಾಗಿಲು ಹಾಕಿಕೊಂಡು ಯೋಗಕ್ಕೆ ಕೂರುತ್ತಾರೆ. ಊರಿನ ಹಿರಿಯರು "ಅದೇನ್ ಯೋಗದ ಹೊತ್ತೇನು?" ಅನ್ನುತ್ತಾರೆ. ಹೌದು, ಅವರಿಗೆ ಅದೇ ಸರಿಯಾದ ಹೊತ್ತು. ಯಾರೂ ಅರ್ಧಕ್ಕೆ ಎಬ್ಬಿಸದ ಹೊತ್ತು ಅದು.

ದಣಿದ ಮೈಯನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವುದನ್ನೂ ಪುಣೆಯೇ ನನಗೆ ಕಲಿಸಿತು. ಅದರ ಬೇರು ಮತ್ತೆ ನಮ್ಮ ಕಡೆಗೇ ಬರುತ್ತದೆ ಅನ್ನುವುದು ನನಗೆ ಬಹಳ ಖುಷಿಯ ವಿಷಯ. 1936ರಲ್ಲಿ ಮೈಸೂರಿನ ಯೋಗಗುರು ಕೃಷ್ಣಮಾಚಾರ್ಯರು ಶಿಷ್ಯರೊಂದಿಗೆ ಉತ್ತರ ಕರ್ನಾಟಕದ ಪ್ರವಾಸಕ್ಕೆ ಬಂದಿದ್ದರು. ಧಾರವಾಡದಲ್ಲಿ ಹೆಣ್ಣುಮಕ್ಕಳಿಗೆ ಯೋಗ ಕಲಿಸುವ ಕೆಲಸ ಅವರ ಶಿಷ್ಯ, ಹದಿಹರೆಯದ ಬಿ.ಕೆ.ಎಸ್. ಐಯಂಗಾರರ ಪಾಲಿಗೆ ಬಂತು. ಮರುವರ್ಷ ಐಯಂಗಾರರು ಪುಣೆಗೆ ಬಂದು ಇಲ್ಲೇ ನೆಲೆಸಿದರು. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯ ಅಂತ ನರಳಿದ ಮೈ ಅದು. ಅದಕ್ಕೋ ಏನೋ, ಸೋತ ಮೈಯನ್ನು ಬೈಯದೆ ಅದಕ್ಕೆ ಆಸರೆ ಕೊಡುವ ದಾರಿಯನ್ನು ಅವರು ಬೆಳೆಸಿದರು. ಬೆನ್ನಿಗೆ ಲೋಡು, ತಲೆಗೆ ಮಡಚಿದ ಕಂಬಳಿ, ಗೋಡೆಗೆ ಕಾಲು ಚಾಚಿ ಮಲಗುವ ವಿಪರೀತಕರಣಿ. ನಿದ್ದೆ ಕಡಿಮೆಯಾದ ಬೆಳಗಿನಲ್ಲಿ ನಾನು ಸೂರ್ಯನಮಸ್ಕಾರಕ್ಕೆ ಹೋಗುವುದಿಲ್ಲ. ಹತ್ತು ನಿಮಿಷ ಗೋಡೆಗೆ ಕಾಲು ಕೊಟ್ಟು ಮಲಗಿ, ಎದ್ದು ಕೂತು, ಸ್ವಲ್ಪ ಹೊತ್ತು ಜಪ. ಸಾಧನೆ ತಪ್ಪುವುದಿಲ್ಲ, ಮೈಯೂ ಮುನಿಯುವುದಿಲ್ಲ. ಈ ಜಾಣತನ ಊರಿನಲ್ಲಿ ನನಗೆ ಸಿಕ್ಕಿರಲಿಲ್ಲ. ಅಲ್ಲಿ ಪೂರ್ತಿ ಮಾಡಬೇಕು, ಇಲ್ಲವೇ ಇಲ್ಲ.

ಮನೆಯಲ್ಲಿ ಹೆಂಡತಿಯೂ ನಾನೂ ವಾರದ ಬೆಳಗುಗಳನ್ನು ಹಂಚಿಕೊಂಡಿದ್ದೇವೆ. ಅವಳು ಕೂತ ದಿನ ಚಹಾ, ಮಕ್ಕಳ ಡಬ್ಬಿ ನನ್ನದು. ನಾನು ಕೂತ ದಿನ ಅವಳದು. ಬೇಗ ಏಳುವ ದಿನದ ಹಿಂದಿನ ರಾತ್ರಿ ಮೀಟಿಂಗ್ ಬೇಡ ಅಂತ ಆಫೀಸಿನಲ್ಲಿ ಕೇಳಿಕೊಂಡೆ, ಕೆಲವು ದಿನಗಳಿಗೆ ಒಪ್ಪಿದರು.

ಈಗ ಹುಬ್ಬಳ್ಳಿಯಲ್ಲಿ ತಂಗಿಯ ಮನೆಗೆ ಹೋದರೆ ಊಟ ಹತ್ತರ ಮೇಲೆ. ಟಿವಿ ಆರುವುದು ಹನ್ನೊಂದಕ್ಕೆ. ಹುಡುಗರ ಕೈಯಲ್ಲಿ ಮೊಬೈಲ್ ಇನ್ನೂ ಇರುತ್ತದೆ. ಆದರೂ ಬೆಳಗ್ಗೆ ಐದಕ್ಕೆ ಭಾವ ಮಕ್ಕಳನ್ನು ಎಬ್ಬಿಸಿ, "ಸಿದ್ಧಾರೂಢ ಮಠಕ್ಕ ನಡೀರಿ" ಅನ್ನುತ್ತಾರೆ. ಆ ಮಠದ ಅಂಗಳದಲ್ಲಿ ಯಾರು ಬೇಕಾದರೂ ಕೂತು ಓಂ ನಮಃ ಶಿವಾಯ ಅನ್ನಬಹುದು. ಮಕ್ಕಳಿಗೂ ಅದು ಸಿಗಲಿ ಅನ್ನುವ ಭಾವನ ಆಸೆ ನನಗೂ ಇದೆ. ಆದರೆ ಆ ಮಕ್ಕಳು ಅಲ್ಲಿ ಕಂಬಕ್ಕೆ ಒರಗಿ ನಿದ್ದೆ ಮಾಡುತ್ತವೆ. ಭಾವನಿಗೆ ನಾನು ಹೇಳಿದ್ದು ಇಷ್ಟೇ: ಮೊದಲು ಎಂಟಕ್ಕೆ ಊಟ ಮುಗಿಸಿ ಟಿವಿ ಆರಿಸಿರಿ, ಬೆಳಗಿನ ನೀರನ್ನು ನೀವೇ ಕಾಯಿಸಿರಿ, ತಂಗಿಯನ್ನು ಮೊದಲು ಪೂಜೆಗೆ ಕೂರಿಸಿರಿ. ಮಕ್ಕಳನ್ನು ಎಬ್ಬಿಸುವ ಮಾತು ಅದಾದ ಮೇಲೆ.