ರಿಪೋರ್ಟಿನ ಕೊನೆಯ ಸಾಲು ಯಾರ ಜವಾಬ್ದಾರಿ?

ಥೈಮೋಮಾ ಎಂಬ ಗಡ್ಡೆಯ ಹೆಸರನ್ನು ಹೆಚ್ಚಿನವರು ಕೇಳಿರುವುದಿಲ್ಲ. ಎದೆ ಮೂಳೆಯ ಹಿಂದೆ, ಹೃದಯದ ಮುಂದೆ ಥೈಮಸ್ ಗ್ರಂಥಿ ಇದೆ. ಮಕ್ಕಳಲ್ಲಿ ದೊಡ್ಡದಾಗಿರುತ್ತದೆ, ವಯಸ್ಸಾದಂತೆ ಕುಗ್ಗಿ ಕೊಬ್ಬಾಗುತ್ತದೆ. ಅಲ್ಲಿ ಹುಟ್ಟುವ ಈ ಗಡ್ಡೆ ಬಹಳ ಅಪರೂಪ. ನೋವಿಲ್ಲದೆ ನಿಧಾನವಾಗಿ ಬೆಳೆಯುತ್ತದೆ. ಹಾಗಾಗಿ ಎಷ್ಟೋ ಜನರಿಗೆ ಇನ್ಯಾವುದಕ್ಕೋ ಮಾಡಿಸಿದ ಸ್ಕ್ಯಾನಿನಲ್ಲೇ ಇದು ಗೊತ್ತಾಗುವುದು.

ಶಿವಮೊಗ್ಗದ ನಮ್ಮ ಭಾವನಿಗೂ ಹಾಗೇ ಆಯಿತು. ಹೃದಯದ ರಕ್ತನಾಳ ನೋಡಲು ಸಿಟಿ ಸ್ಕ್ಯಾನ್ ಮಾಡಿಸಿದರು. ರಕ್ತನಾಳ ಚೆನ್ನಾಗಿದೆ ಎಂದು ಡಾಕ್ಟರು ಮನೆಗೆ ಕಳಿಸಿದರು. ಗಡ್ಡೆಯ ವಿಷಯ ಎರಡನೇ ಪುಟದ ಕೊನೆಯಲ್ಲಿತ್ತು. ಅಕ್ಕನ ಮಗಳು ರಿಪೋರ್ಟನ್ನು ವಾಟ್ಸಾಪಿನಲ್ಲಿ ಕಳಿಸಿದ್ದಕ್ಕೆ ನನ್ನ ಕಣ್ಣಿಗೆ ಬಿತ್ತು.

ನಾನಿರುವ ಇಂಗ್ಲೆಂಡಿನಲ್ಲಿ ಸ್ಕ್ಯಾನ್ ಬರೆದುಕೊಟ್ಟ ಡಾಕ್ಟರೇ ಅದರ ಪೂರ್ತಿ ಫಲಿತಾಂಶಕ್ಕೆ ಹೊಣೆ. ಅನುಮಾನ ಬಂದರೆ ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್ ಆ ಡಾಕ್ಟರನ್ನು ಎಚ್ಚರಿಸುತ್ತಾರೆ. ಸರ್ಜನ್, ಕ್ಯಾನ್ಸರ್ ಡಾಕ್ಟರು ಎಲ್ಲ ಒಟ್ಟಿಗೆ ಕೂತು ಚರ್ಚಿಸುತ್ತಾರೆ. ಆದರೆ ಕಾಯುವುದು ಜಾಸ್ತಿ. ಕ್ಯಾನ್ಸರ್ ಅನುಮಾನವಿದ್ದರೆ 62 ದಿನದೊಳಗೆ ಚಿಕಿತ್ಸೆ ಶುರುವಾಗಬೇಕೆಂಬ ಗುರಿಯನ್ನೇ ದೇಶ ಎಷ್ಟೋ ವರ್ಷಗಳಿಂದ ಮುಟ್ಟಿಲ್ಲ. ಭಾವ ಬೆಂಗಳೂರಿಗೆ ಹೋದ ಒಂದೇ ವಾರದಲ್ಲಿ ಸರ್ಜನ್ ಸಿಕ್ಕರು. ಆ ವೇಗ ಇಲ್ಲಿ ಕನಸು. ರಿಪೋರ್ಟ್ ನಮ್ಮ ಕೈಗೇ ಸಿಗುವುದೂ ನಮ್ಮೂರಿನ ದೊಡ್ಡ ಅನುಕೂಲ. ಹಾಗೆ ಸಿಕ್ಕಿದ್ದಕ್ಕೇ ತಾನೆ ನಾನು ಓದಿದ್ದು?

ಸರ್ಜನ್ ಮೊದಲು ಕೇಳಿದ್ದು ಕಣ್ಣಿನ ಬಗ್ಗೆ. ಸಂಜೆಯಾದರೆ ಭಾವನ ಎಡಗಣ್ಣಿನ ರೆಪ್ಪೆ ಜೋಲುತ್ತಿತ್ತು. ಟಿವಿ ಜಾಸ್ತಿ ನೋಡ್ತಾರೆ, ಅದಕ್ಕೇ ಎಂದು ಅಕ್ಕ ಸುಮ್ನಿದ್ದಳು. ಥೈಮೋಮಾ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮಯಸ್ತೇನಿಯಾ ಗ್ರೇವಿಸ್ ಕೂಡ ಇರುತ್ತದೆ. ಇದರಲ್ಲಿ ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪುವುದಿಲ್ಲ. ರೆಪ್ಪೆ ಜೋಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಇದನ್ನು ತಿಳಿಯದೆ ಅರಿವಳಿಕೆ ಕೊಟ್ಟರೆ ಆಪರೇಷನ್ ಆದಮೇಲೆ ಉಸಿರಾಟವೇ ಕಷ್ಟವಾಗಬಹುದು. ಅದಕ್ಕೇ ಮೊದಲು ರಕ್ತ ಪರೀಕ್ಷೆ ಮಾಡಿಸಿ, ನರರೋಗ ತಜ್ಞರಿಗೆ ತೋರಿಸಿ, ಆಮೇಲೆ ಗಡ್ಡೆ ತೆಗೆದರು.

ಇಷ್ಟೆಲ್ಲ ಮಾಡಬಲ್ಲ ಊರಿನಲ್ಲಿ ಒಂದು ಫೋನ್ ಮಾಡಲು ಆಗುವುದಿಲ್ಲವೇ? ಓದುವವರು ಯಾರೂ ಇಲ್ಲದ ಮನೆಗೂ ಅದೇ ರಿಪೋರ್ಟ್ ಹೋಗುತ್ತದೆ, ಅಲ್ವಾ? ಕೇಳದೇ ಸಿಕ್ಕ ಗಡ್ಡೆಯ ವಿಷಯ ಮೊದಲ ಪುಟದಲ್ಲೇ ಇರಲಿ, ಕನ್ನಡದಲ್ಲೂ ಇರಲಿ. ಸ್ಕ್ಯಾನ್ ಸೆಂಟರಿನವರು ಡಾಕ್ಟರಿಗೂ ರೋಗಿಗೂ ಅವತ್ತೇ ಫೋನ್ ಮಾಡಲಿ. ಇಬ್ಬರ ನಂಬರೂ ಅವರ ಹತ್ತಿರ ಇರುತ್ತದೆ.