ಮೊದಲು ಕೈ ಪಳಗಬೇಕು
ಮೂರು ತಿಂಗಳ ಕೋರ್ಸ್ ಮುಗಿಸಿದರೆ ಕೊಡಗಿನ ರೆಸಾರ್ಟ್‌ಗಳಲ್ಲಿ ಮಸಾಜ್ ಕೆಲಸ ಗ್ಯಾರಂಟಿ ಎಂಬ ಬರಹ ಓದಿದೆ. ಕೆಲಸ ಸಿಗಬಹುದು, ಕೈ ಪಳಗಬೇಕಲ್ವಾ? ಮಡಿಕೇರಿ ಹತ್ತಿರದ ಸ್ಪಾ ಒಂದರಲ್ಲಿ ನಾನಿದ್ದೇನೆ. ಕೇರಳ ಪದ್ಧತಿಯ ಅಭ್ಯಂಗದಲ್ಲಿ, ಅಂದರೆ ಮೈಗೆಲ್ಲ ಎಣ್ಣೆ ಹಚ್ಚಿ ಮಾಡುವ ಮಸಾಜ್‌ನಲ್ಲಿ, ಇಬ್ಬರು ಎರಡು ಬದಿ ನಿಂತು ಒಂದೇ ಲಯದಲ್ಲಿ ಕೈ ಓಡಿಸಬೇಕು. ಒಬ್ಬರ ಕೈ ಮೊಣಕಾಲಿಗೆ ಬಂದಾಗ ಇನ್ನೊಬ್ಬರದು ತೊಡೆಯಲ್ಲೇ ಇದ್ದರೆ ಮಲಗಿದವರಿಗೆ ತಕ್ಷಣ ಗೊತ್ತಾಗುತ್ತದೆ. ನಮ್ಮ ಮಳೆಗಾಲದ ಚಳಿಯಲ್ಲಂತೂ ಎಣ್ಣೆ ಬಟ್ಟಲನ್ನು ಬಿಸಿನೀರಿನಲ್ಲೇ ಇಟ್ಟಿರಬೇಕು. ಹೆಬ್ಬೆರಳಿನಿಂದಲೇ ಒತ್ತುತ್ತಾ ಹೋದರೆ ನಮ್ಮ ಬೆರಳೇ ಹಾಳು, ಮೈಭಾರ ಬಳಸುವುದು ಕಲಿಯಬೇಕು.

ಇನ್ನೊಂದು ಮುಖ್ಯ ವಿಷಯ. ಒಂದೇ ಕಾಲು ಊದಿ, ಬಿಸಿಯಾಗಿ ನೋಯುತ್ತಿದ್ದರೆ ಮುಟ್ಟಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಡಾಕ್ಟರ್ ಹತ್ತಿರ ಕಳಿಸಬೇಕು. ಇದನ್ನು ಹೇಳಿಕೊಡದ ಕಡೆ ಸುಮ್ನೆ ಫೀಸ್ ಕಟ್ಟಬೇಡಿ. ಸೇರುವ ಮುಂಚೆ ಪ್ರಾಕ್ಟಿಕಲ್ ಎಷ್ಟು ಗಂಟೆ ಅಂತ ಕೇಳಿ.